ಹೋದ ವರ್ಷದ ವರದಿ

ಮೂವತ್ತು ಯೂರೋ! ಅಷ್ಟಕ್ಕೆ ಹೊಸ ಎಣ್ಣೆಯೇ ಒಂದು ಡಬ್ಬಿ ಬರುತ್ತೆ,
ಅಂದ ಎಲಾದಿಯೊ,
ಮುರೋಸ್ ಧಕ್ಕೆಯಲ್ಲಿ, ನನ್ನ ದೋಣಿಯೊಳಗೆ ಬಗ್ಗಿ.
ಅಳತೆಕಡ್ಡಿ ಎಳೆದು ಕರಿ ಹನಿಯೊಂದನ್ನು
ಕೈಗೆ ಸವರಿ, ಮೂಸಿದ:
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ದೋಸಿಂದಾ?

ಆದರೂ ಕಳಿಸಿದೆ,
ಕೆಮ್ಮಿನ ಔಷಧಿಯಂಥ ಪುಟ್ಟ ಸೀಸೆಯಲ್ಲಿ.

ಉತ್ತರ ಬಂತು. ಕಬ್ಬಿಣ ಇಷ್ಟು, ತಾಮ್ರ ಇಷ್ಟು,
ಸಮುದ್ರದ ಉಪ್ಪು, ಒಂಚೂರು.
ಕೊನೆಗೊಂದು ಸಾಲು:
ಹೋದ ವರ್ಷದ ವರದಿ ಇದ್ದಿದ್ದರೆ ಹೋಲಿಸಬಹುದಿತ್ತು.

ಹೋದ ವರ್ಷ ಈ ದೋಣಿ ಅಣ್ಣನದು.
ಬಲ್ಬೀನೊ ಏನನ್ನೂ ಬರೆದಿಟ್ಟವನಲ್ಲ,
ಎಣ್ಣೆ ಬದಲಿಸಿದ್ದನ್ನೂ
ಎದೆ ನೋಯುತ್ತಿದ್ದುದನ್ನೂ.

ಹಾಳೆಯನ್ನು ಚುಕ್ಕಾಣಿ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ.
ಎಲಾದಿಯೊ ನೋಡಿ ನಕ್ಕ.
ಮೊಳೆ ಉದ್ದವಿದೆ,
ಇನ್ನೂ ಹತ್ತಾರು ಹಿಡಿಯುತ್ತದೆ.