ಕಡೇ ಬಿಂದಿಗೆ

ಮಂಡ್ಯದ ನಮ್ಮ ಛತ್ರದಲ್ಲಿ ಜಗಳ ಎದ್ದರೆ
ಒಡವೆಗಲ್ಲ, ಊಟಕ್ಕಲ್ಲ,
ಬಿಸಿನೀರಿಗೆ.
ಬುಕಿಂಗ್ ಪುಸ್ತಕದ ಷರಾ ಕಾಲಮ್ಮಿನಲ್ಲಿ
ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ:
'ಗಂಡಿನ ಕಡೆಯವರಿಗೆ ನೀರು ಸಾಲಲಿಲ್ಲ.'
'ಬೀಗರು ಮುನಿದು ತಿಂಡಿಗೆ ಇಳಿಯಲಿಲ್ಲ.'
ಒಮ್ಮೆ ಬರೀ, 'ಬಕೆಟ್ಟು ಎರಡು ಒಡೆದಿದೆ.'

ಈ ಸಲ ಕಮಿಟಿ ಕೂತಿತು.
ಕೋಣೆಗೊಂದು ಗೀಸರ್ ಅಂದರು ಬೋರಲಿಂಗೇಗೌಡರು,
ಕರೆಂಟ್ ಬಿಲ್ಲು ನೆನೆದು ತಾವೇ ಸುಮ್ಮನಾಗಿ
ಎಲೆಅಡಿಕೆ ಡಬ್ಬಿ ತೆರೆದರು.
ಗ್ಯಾಸಿನದು ಅಂದವರಿಗೆ
ಕಿಟಕಿಯಿಲ್ಲದ ಬಚ್ಚಲುಗಳನ್ನು ತೋರಿಸಿದೆ.
ಉಸಿರು ಕಟ್ಟಿದರೆ ಮುಹೂರ್ತ ಯಾರಿಗೆ?

ಮೈಸೂರಿನಿಂದ ಬಂದ ಸೋಲಾರ್ ಹುಡುಗ
ತಾರಸಿ ಹತ್ತಿ, ಫೋನಿನಲ್ಲಿ ದಿಕ್ಕು ಹಿಡಿದು,
ತೆಂಗಿನ ಮರದ ನೆರಳು ಅಳೆದು ಇಳಿದ.
ಬೋರಿನ ನೀರು ಬಾಯಿಗಿಟ್ಟು ಮುಖ ಕಿವುಚಿದ:
'ಗಡಸು ನೀರು ಮೇಡಂ, ಕಾಯಿಲಿಗೆ ಸುಣ್ಣ ಕಟ್ಟುತ್ತೆ.'

'ಮೋಡ ಮುಚ್ಚಿದರೆ?' ಅಂದರು ಖಜಾಂಚಿ.
ಹುಡುಗ ತಡವರಿಸಿದ. ನಾನು ಪಂಚಾಂಗ ಬಿಚ್ಚಿದೆ.
ಆಷಾಢದಲ್ಲಿ ಮೋಡ; ಆಷಾಢದಲ್ಲಿ ಮದುವೆಯೂ ಇಲ್ಲ.
ಮಾಘ, ಫಾಲ್ಗುಣ, ವೈಶಾಖ,
ಲಗ್ನ ಎಲ್ಲೆಲ್ಲಿ ಕೂಡಿದೆಯೋ ಅಲ್ಲೆಲ್ಲ ಬಿಸಿಲು.
ಎಲ್ಲರೂ ನಕ್ಕರು.
ಕಾರ್ತಿಕದ ಮಾತು ಯಾರೂ ಎತ್ತಲಿಲ್ಲ,
ನಾನೂ ಎತ್ತಲಿಲ್ಲ.

'ಎಷ್ಟು ಲೀಟರಿನದು ಬೇಕು?' ಹುಡುಗ ಕೇಳಿದಾಗ
ಬಾಗಿಲಲ್ಲಿ ಕೆಮ್ಮಿದವನು ಮಾಯಿಗಯ್ಯ,
ಹಿತ್ತಿಲ ಒಲೆಗೆ ಕಬ್ಬಿನ ರಚ್ಚು, ತೆಂಗಿನ ಮಟ್ಟೆ ಒಡ್ಡಿ
ಬೆಳಗಿನ ಜಾವ ಮೂರಕ್ಕೆ ಹಂಡೆ ಕಾಯಿಸುವವನು.
ಅವನ ಒಲೆ ಆರಿಸುವ ಸಭೆಗೆ
ಅವನನ್ನು ಯಾರೂ ಕರೆದಿರಲಿಲ್ಲ.

'ಲೀಟ್ರು ಗೀಟ್ರು ನಂಗೊತ್ತಿಲ್ಲ ಕಣ್ರಪ್ಪ.
ಗಂಡ್ನೋರು ರಾತ್ರಿ ಬಸ್ಸಿಳಿದೇಟ್ಗೇ ನಲ್ಲಿ ತಿರುಗುಸ್ತರೆ,
ಬೆಳಗಾನಾ ಬರೋ ನೀರ್ನ ಒಂದೇ ಗಂಟೇಲಿ ಸುರ್ಕತರೆ.
ಆಮೇಕೆ ಹೆಣ್ಮಕ್ಳು, ತಲೆಗೆ.
ಆಮೇಕೆ ವಾಲಗದೋರು, ಅಡಿಗೆಯೋರು.
ಎಲ್ರುದೂ ಆದ್ಮೇಲೆ ಹೆಣ್ಣಿನ್ ತಾಯಿ ಬತ್ತಳೆ,
ಬಗ್ಗಿ ನೋಡ್ತಳೆ, ತಣ್ಣೀರೇ ಸಾಕು ಬುಡಪ್ಪ ಅಂತಳೆ.
ಅಂಗನ್ನದೆ ಇರೋ ತಾಯ್ನ ನಾನಿನ್ನೂ ಕಂಡಿಲ್ಲ.'

ಅದಕ್ಕೇ ಅವನು ಕಡೇ ಬಿಂದಿಗೆಯೊಂದನ್ನು
ಬೂದಿಯ ಮಗ್ಗುಲಿಗೆ ಇಟ್ಟು
ಗೋಣಿಚೀಲ ಹೊದಿಸಿ ಬಚ್ಚಿಡುತ್ತಾನಂತೆ.
'ಅವ್ಳಿಂದ ಲೆಕ್ಕ ಸುರು ಮಾಡಿ.'
ಹುಡುಗ ಕ್ಯಾಲ್ಕುಲೇಟರ್ ಅಳಿಸಿದ.

ನನ್ನ ಮದುವೆಯೂ ಇದೇ ಛತ್ರದಲ್ಲಿ ಆದದ್ದು.
ಸಂಜೆ ಅಮ್ಮನಿಗೆ ಫೋನು ಮಾಡಿ ಕೇಳಿದೆ,
ಅವತ್ತು ನೀನು ಮಿಂದದ್ದು ಬಿಸಿನೀರೋ, ತಣ್ಣೀರೋ?
'ಇದೆಂಥ ಪ್ರಶ್ನೆಯೇ' ಅಂದಳು.
ಅವಳ ಕುಕ್ಕರು ಎರಡು ಸಲ ಕೂಗಿತು.
'ಸ್ನಾನ ಮಾಡಿದ್ನಾ?' ಅಂದಳು.

ಈಗ ತಾರಸಿಯ ಮೇಲೆ ಎರಡು ಟ್ಯಾಂಕು.
ಒಂದು ರಾತ್ರಿ ಬಸ್ಸಿಳಿದವರಿಗೆ.
ಇನ್ನೊಂದರ ವಾಲ್ವಿಗೆ ಬೀಗ;
ಬೀಗರಿಗೂ ಬೀಗವೇ ಎಂದು ಒಬ್ಬರು ಮುನಿದದ್ದುಂಟು,
ಷರಾ ಬರೆದುಕೊಂಡೆ.
ಬೀಗದ ಕೈ ಮಾಯಿಗಯ್ಯನ ಉಡಿದಾರದಲ್ಲಿ.
ಮೂರಕ್ಕೆ ಏಣಿ ಹತ್ತಿ ತಿರುವುತ್ತಾನೆ,
ಕೊಳವೆಗೆ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾನೆ.
ಹೊಗೆಯಿಲ್ಲ, ಸದ್ದಿಲ್ಲ,
ಇಂಥ ನೀರನ್ನು ನಂಬುವುದು ಹೇಗೆ?

ಹಂಡೆಯನ್ನು ಗುಜರಿಗೆ ಎಂದು
ನಡಾವಳಿ ಪುಸ್ತಕದಲ್ಲಿ ಬರೆಯಬೇಕಿತ್ತು.
ಬರೆದಿಲ್ಲ.
ಕೇಳಿದವರಿಗೆ, ಕಾರ್ತಿಕ ಬರಲಿ ನೋಡೋಣ ಅಂದಿದ್ದೇನೆ.