ಭೋಂಗಾ

ಹನ್ನೊಂದು ವರ್ಷ ನನ್ನ ಕೆಲಸ ಒಂದೇ ಮಾತು:
ಮುಟ್ಟಬ್ಯಾಡ್ರಿ.
ಮರಾಠಿಗೆ ಹಲಗಿ ಇತ್ತು, ಕೆಂಪು ಅಕ್ಷರ, ಗ್ವಾಡಿ ಮ್ಯಾಲೆ.
ಕನ್ನಡಕ್ಕ, ತೆಲುಗಿಗೆ ನಾನೇ ಹಲಗಿ.
ಎರಡರಾಗೂ ಮುಟ್ಟೂದು ಮುಟ್ಟೂದೇ,
ಬಾಲ ಬ್ಯಾರೆ, ಅಷ್ಟ.

ಸೊಲ್ಲಾಪುರದ ಹಳೇ ಗಿರಣಿಯ ಸ್ಟೋರ್ ರೂಮು
ಈಗ ಮ್ಯೂಸಿಯಮ್ಮು.
ಕಂಡಿಕಿ, ಲಾಳಿ, ಹಾಜರಿ ಬಿಲ್ಲೆ,
ಸಾಹೇಬನ ಟೊಪಗಿ, ಜಿರಳಿ ತಿಂದ ಪಗಾರ ಪುಸ್ತಕ,
ನಡುವ ಗಾಜಿನ ಪೆಟಗಿಯೊಳಗ
ಗಿರಣಿ ಭೋಂಗಾ:
ಎಮ್ಮಿ ಕರುವಿನಷ್ಟು ಕಬ್ಬಿಣ, ಬಾಯಿ ಮ್ಯಾಲೆ ಮಾಡಿ ಕುಂತದ.
ಉಸಿರಿಲ್ಲ. ಬಾಯ್ಲರ್ ಯಾವಾಗೋ ಗುಜರಿಗೆ ಹೋತು.

ಭೋಗಿ ಮುಂಚಿನ ಐತವಾರ
ಹೊಸಾ ದೇಗಾಂವಕರ ಮೇಡಂ ಹಲಗಿ ತಿರುವಿ ಹಾಕಿದ್ರು.
ಹಿಂದಿನ ಬದಿ ಖಾಲಿ. ಸೀಮೆಸುಣ್ಣ ಹಿಡದು
ಮೂರೂ ಭಾಷಾದಾಗ ಬರದ್ರು: ಮುಟ್ರಿ.
ಮನಿಮಂದಿ ಕೂಡಿ ಬರ್ರಿ, ಏನರ ಹೊಸಾದು ಮಾಡ್ರಿ.
ಜಮಖಾನಿ ಮ್ಯಾಲೆ ಸುರುವಿದ್ರು
ಮುರದ ಬಾಬಿನ್ನು, ಸೈಕಲ್ ಕಡ್ಡಿ, ರಬ್ಬರು, ಔಷಧಿ ಡಬ್ಬಿ.
ನನ್ನ ಕೈ ಎರಡು ಸಲ ತಾನಾಗೇ ಮ್ಯಾಲೆದ್ದು
ಇಳೀತು.

ಹುಡುಗೂರು ಗಾಳಿಪಟದ ದಾರ ಸುತ್ತೂ ಯಂತ್ರ ಮಾಡಿದ್ರು,
ಎಳ್ಳಿನ್ಯಾಗಿನ ಕಸ ಹಾರಿಸೂ ಪಂಖಾ ಮಾಡಿದ್ರು,
ಎಳ್ಳೂ ಹಾರಿತು.
ಹತ್ತೂರೆ ಮನಿತನದ ಸಮೃದ್ಧಿ, ನಾಕನೇ ಇಯತ್ತೆ,
ಸೈಕಲ್ ಪಂಪಿಗೆ ಬಾಬಿನ್ ಸಿಗಿಸಿ
ಬಾಯಿಗೆ ಬಲೂನು ಎಳದು ಕಟ್ಟಿ
"ಇದು ಭೋಂಗಾ" ಅಂದ್ಲು.
ಒತ್ತಿದ್ಲು. ಆಡಿನ ಮರಿ ಒದರಿತು.

ಮಂದಿ ನಕ್ಕರು. ಅಕಿ ಅಜ್ಜ ಮಲಕಾಜಪ್ಪ ನಗಲಿಲ್ಲ,
ಇಪ್ಪತ್ತಾರು ವರ್ಷ ನೂಲಿನ ಖಾತೆದಾಂವ.
"ದಪ್ಪ ಇತ್ತವಾ, ಇನ್ನ ದಪ್ಪ" ಅಂತ
ಗಂಟಲದಾಗ ಹಿಡದು ತೋರಿಸಿದ: ಊಂ.
ಮಗ್ಗದ ಖಾತೆಯ ನರಸಯ್ಯ ಗುಂಡೇಟಿ ಕಂಬದ ಹಂತೇಲಿಂದ
"ಅದು ಮೊದಲ ಪಾಳಿದು. ರಾತ್ರಿ ಪಾಳಿದು ಬ್ಯಾರೆ" ಅಂದು
ತಾನೊಂದು ಊಂ ತಗದ.
ಒಂದೇ ಭೋಂಗಾ, ಒಂದೇ ಉಗಿ,
ಪಾಳಿಗೊಂದು ದನಿ ಹ್ಯಾಂಗ? ಮೇಡಂ ಕೇಳಿದ್ರು.
ಇಬ್ಬರೂ ಅವರ ಮುಖಾ ನೋಡಿದ್ರು,
ರಾತ್ರಿ ಪಾಳಿ ಮಾಡದವರ ಮುಖಾ.

ಬಲೂನು ಸಡ್ಲ ಮಾಡಿದ್ರು, ಬಾಬಿನ್ ಕೊಯ್ದರು,
ಡಬ್ಬಿ ಹಚ್ಚಿದ್ರು, ತಗದ್ರು, ಮತ್ತ ಹಚ್ಚಿದ್ರು,
ತೂತು ಹಾಕಾಕ ನನ್ನ ತಲಿಪಿನ್ನು ಕೇಳಿದ್ರು.
ಕೊಟ್ಟೆ.
ದನಿ ಆಡಿನಿಂದ ಎಮ್ಮಿಗೆ ಬಂತು, ಎಮ್ಮಿ ದಾಟಿತು,
ನರಸಯ್ಯ ಎದ್ದು ಚಪ್ಪಲಿ ಮೆಟ್ಟಿದ.
ಯಾಕ ಎದ್ದೆ ಅಂತ ಅಂವಗೂ ತಿಳೀಲಿಲ್ಲ.

"ಎಷ್ಟು ಹೊತ್ತು ಒದರತಿತ್ತು?" ಸಮೃದ್ಧಿ ಕೇಳಿದ್ಲು.
ಅಜ್ಜ ಒಂದು ನಿಮಿಷ ಅಂದ. ನರಸಯ್ಯ ಎರಡು.
ಆ ತನಕ ಸುಮ್ಮನ ಚೆಲ್ಲಿದ ಎಳ್ಳು ಆರಸ್ತಿದ್ದ ಸಾತವ್ವ
ತಲಿ ಎತ್ತದೇ ಅಂದ್ಲು:
"ಒಂದು ರೊಟ್ಟಿ.
ಭೋಂಗಾ ಸುರು ಆದಾಗ ಹಿಟ್ಟಿಗೆ ಕೈ ಹಾಕಿದರ
ನಿಲ್ಲೂದ್ರಾಗ ಹಂಚಿನ ಮ್ಯಾಲೆ.
ಇವರು ಗೇಟಿಗೆ ಓಡತಿದ್ರು.
ಪೂರಾ ಕೇಳಿದಾಕಿ ನಾನು."

ಹಿಟ್ಟಿರಲಿಲ್ಲ. ಜಮಖಾನಿ ಮ್ಯಾಲೇ ಬಡಿಯಾಕ ಹತ್ತಿದ್ಲು,
ಬರಿಗೈ, ಪಟ ಪಟ, ದುಂಡಗ ತಿರುವಿ.
ಮೊಮ್ಮಗಳು ಪಂಪ್ ಒತ್ತಿದ್ಲು, ಒತ್ತಿದ್ಲು.
ಬಳಿ ಸಪ್ಪಳ, ಆ ದನಿ,
ಇಲ್ಲದ ರೊಟ್ಟಿ ಎತ್ತಿ ಇಲ್ಲದ ಹಂಚಿಗೆ ಹಾಕೂದಕ್ಕೂ
ಬಲೂನು ಫಟ್ ಅನ್ನೂದಕ್ಕೂ ಸರಿ ಹೋತು.

ಹೋಗೂ ಮುಂದ ಬಾಗಲದಾಗ ನಿಂತು ಹೇಳಿದ್ಲು ಸಾತವ್ವ,
"ಜೋಳದ್ದು ಅಂತ ಬರಕೊಳ್ರಿ.
ಭೋಗಿದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ,
ಅದಕ್ಕ ಹೊತ್ತು ಹೆಚ್ಚು ಹಿಡೀತದ."

ಮೇಡಂ ರಜಿಸ್ಟರ್ ನನ್ನ ಕೈಗೆ ಕೊಟ್ಟರು, ಮೊದಲ ಸಲ.
ವಸ್ತು: ಭೋಂಗಾ.
ಮಾಡಿದವರು: ಸಮೃದ್ಧಿ, ಮತ್ತ ಮಂದಿ.
ಉದ್ದ: ಒಂದು ರೊಟ್ಟಿ, ಜೋಳದ್ದು.
ಸ್ಥಿತಿ: ಬಲೂನು ಒಡದದ.
ಕೆಳಗ ಇನ್ನೊಂದು ಸಾಲಿನ ಜಾಗಾ ಉಳದಿತ್ತು.
ತಲಿಪಿನ್ನು ನನ್ನದು
ಅಂತ ಬರದೆ.