ಅಕ್ಕ ಬಂದರೆ ಸಮಾಧಾನ

ಮಿರಗದ ಎರಡನೇ ಮಳೆ ಬಿದ್ದು ನಾಲ್ಕು ದಿನ.
ಡೊಂಬಿವಲಿ ಪೂರ್ವಕ್ಕಿಳಿಯುವ ಸೇತುವೆಯ ಬುಡದಲ್ಲಿ
ಕಸಾರಾ ಲೋಕಲ್ ಹಿಡಿದು ಬಂದ ಸಖೂಬಾಯಿ
ಗೋಣಿಚೀಲ ಬಿಚ್ಚಿ ಕೂತಿದ್ದಳು.
ತೊಯ್ದ ಸಾಗವಾನಿ ಎಲೆಯ ಮೇಲೆ
ಮಡಿಸಿಟ್ಟ ಕೊಡೆಗಳಂಥ ಏನೋ ಒಂದು ಕಟ್ಟು:
ಕಂದು ದಂಟು, ನೇರಳೆ ಮುಸುಕು,
ಮುಟ್ಟಿದರೆ ಹಲ್ಲಿಯ ಹೊಟ್ಟೆಯಂತೆ ತಣ್ಣಗೆ.

ಶೇವಳಾ, ಎಂದಳು.
ಹದಿನೈದು ದಿನ ಅಷ್ಟೆ, ಆಮೇಲೆ ಕಾಡು ಕೊಡೋದಿಲ್ಲ.
ಅವಳ ಮರಾಠಿ ಗುಡ್ಡದ್ದು,
ನನ್ನದು ರೇಶನ್ ಅಂಗಡಿಯ ಸಾಲಿನಲ್ಲಿ ಕಲಿತದ್ದು.
ಐವತ್ತರ ಕಟ್ಟನ್ನು ನಲವತ್ತಕ್ಕೆ ಇಳಿಸಿದೆ.
ಜೊತೆಗೊಂದು ಹಿಡಿ ಹಸಿರು ಕಾಯಿ ಚೀಲಕ್ಕೆ ಸುರಿಯಲು ಬಂದಳು,
ಕಾಕಡ, ಹತ್ತು ರೂಪಾಯಿ.
ನೋಡು, ಇಳಿದ ಹತ್ತನ್ನು ಹೇಗೆ ಹತ್ತಿಸುತ್ತಾಳೆ!
ನಾನೇನು ನಿನ್ನೆ ಬಂದವಳೇ?
ಬೇಡ ಎಂದೆ.
ಏನೋ ಹೇಳಲು ಬಾಯಿ ತೆರೆದಳು,
ನನ್ನ ಶೇರ್ ರಿಕ್ಷಾ ತುಂಬುತ್ತಿತ್ತು.

ಮನೆಯಲ್ಲಿ ಅದೇ ಫ್ಲವರ್, ಅದೇ ಬಟಾಟೆ.
ಇಂಚರಾ ಅರ್ಧ ಡಬ್ಬಿ ಹೊತ್ತು ಮರಳುತ್ತಾಳೆ.
ಬಣ್ಣದ ಕಂಪನಿಯ ನೀಲಿ ಉಗುರುಗಳಲ್ಲಿ ಇವರು
ಒಗ್ಗರಣೆಯ ಸಾಸಿವೆ ಎಣಿಸುತ್ತ ಉಣ್ಣುತ್ತಾರೆ.
ಎದುರುಮನೆಯ ಪ್ರಧಾನ್ ಕಾಕೂ ಅರ್ಧ ಅಡುಗೆ ಹೇಳಿದರು:
ಮುಸುಕು ಸುಲಿ, ಹಳದಿ ಭಾಗ ಬಿಸಾಡು,
ಸಣ್ಣಗೆ ಹೆಚ್ಚು, ಸಿಗಡಿ ಹಾಕು, ಮುಖ್ಯ ಮಾತೆಂದರೆ...
ಅದು ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡು ಮೇಲೆ ಹೋಯಿತು.
ನಮ್ಮ ಮನೆಯ ನಡೆಯಂತೆ ಸಿಗಡಿ ಬಿಟ್ಟು
ಕಡಲೆಬೇಳೆ ಹಾಕಿದೆ.
ಅತ್ತೆ ನೀಲಗಂಗವ್ವ ರೊಟ್ಟಿ ಬಡಿಯುತ್ತ
ಬಾಣಲೆಯತ್ತ ನೋಡಲಿಲ್ಲ. ಇಂಡಿ ತಾಲೂಕಿನ ಆಚೆಗೆ
ಆ ನಾಲಿಗೆ ಒಮ್ಮೆಯೂ ಕಾಲಿಟ್ಟಿಲ್ಲ.

ಮೊದಲು ಇಂಚರಾ.
"ಅವ್ವಾ, ಗಂಟಲಾಗ ಇರವಿ ಓಡ್ಯಾಡಾಕತ್ತಾವ!"
ಇವರು ಮೂರು ತುತ್ತು ಧೈರ್ಯ ಮಾಡಿದರು,
"ಚಲೋ ಆಗೇದ" ಅಂದರು,
ಕಣ್ಣಲ್ಲಿ ಬಳಬಳ ನೀರು.
ನಾನು ತುಟಿ ಉಜ್ಜಿಕೊಂಡೆ, ಕಿವಿಯೊಳಗೂ ತುರಿಸಿತು.
ಅತ್ತೆ ಮಾತಿಲ್ಲದೆ ಎದ್ದರು.
ಹುಣಸೆಹಣ್ಣು ಬೆಲ್ಲ ಕಲಸಿ
ಒಂದೊಂದು ಅಂಗೈಗೆ ಒಂದೊಂದು ಉಂಡೆ ಇಟ್ಟರು,
ಕೊನೆಯದನ್ನು ತಾವು ಚೀಪುತ್ತ
ನಮ್ಮ ಮೂವರ ಮುಖ ನೋಡಿ
ನಕ್ಕರು.
ಹನ್ನೊಂದು ವರ್ಷ ಆ ನಗು
ತಂಗಿಯ ಫೋನು ಬಂದಾಗ
ಮುಚ್ಚಿದ ಬಾಗಿಲ ಹಿಂದಿನಿಂದ ಮಾತ್ರ ಕೇಳಿದ್ದೆ.

ಮರುದಿನ ಸಖೂಬಾಯಿ ದೂರದಿಂದಲೇ ಗಂಟಲು ಕೆರೆದು ತೋರಿಸಿದಳು.
"ಹೇಳುವವಳಿದ್ದೆ. ನಿನ್ನ ರಿಕ್ಷಾ ಓಡಿತು."
ಹತ್ತು ಕೊಟ್ಟೆ ಕಾಕಡಕ್ಕೆ.
ನಿನ್ನೆ ಇಳಿಸಿದ ಹತ್ತನ್ನೂ ಕೊಟ್ಟೆ.
ಎಣಿಸಿಯೇ ತೆಗೆದುಕೊಂಡಳು.

ಕಾಯಿ ಜಜ್ಜಿದೆ. ಹುಳಿಗೆ ಹಲ್ಲು ಜುಮ್ಮೆಂದಿತು,
ರಸ ಹಿಂಡಿ ಬಾಣಲೆಗೆ ಸುರಿದೆ.
ತಟ್ಟೆ ಬಡಿಸಿದ ಮೇಲೆ ಯಾರ ಕೈಯೂ ಮುಂದೆ ಹೋಗಲೊಲ್ಲದು.
ಅತ್ತೆ ರೊಟ್ಟಿ ಮುರಿದರು, ಅದ್ದಿದರು, ನುಂಗಿದರು.
ನಾವು ಅವರ ಗಂಟಲನ್ನೇ ನೋಡುತ್ತ ಕೂತೆವು,
ಹಾಲು ಒಡೆಯಿತೋ ಇಲ್ಲವೋ ಎಂದು ನೋಡುವ ಹಾಗೆ.
"ನನ್ನ ಕುತಿಗಿ ಏನ ನೋಡ್ತೀರಿ, ಉಣ್ರಿ."

ಇದಕ್ಕೆ ನಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದೆ.
"ನಮ್ಮ ಸೀಮ್ಯಾಗ ಇದಿಲ್ಲ. ಇಲ್ಲದ್ದಕ್ಕ ಹೆಸರೆಲ್ಲಿಂದ ಬರಬೇಕ?"
ಇನ್ನೆರಡು ತುತ್ತು.
"ತಂಗಿ ಒಬ್ಬಾಕೀನ ಬಂದ್ರ ಜಗಳ.
ಅಕ್ಕ ಬಂದ್ರ ಸಮಾಧಾನ."
ಇಂಚರಾ ಎದ್ದು ಹೋಗಿ, ಎಂಜಲು ಬೆರಳು ಮಡಿಸಿಕೊಂಡು,
ಗ್ಯಾಸಿನವನ ಕ್ಯಾಲೆಂಡರಿನ ಜೂನ್ ಹಾಳೆಯ ಮೇಲೆ
ಅಕ್ಕತಂಗಿ ಪಲ್ಯ ಎಂದು ಬರೆದಳು.
ಅಕ್ಷರ ಸೊಟ್ಟ. ಪಕ್ಕದಲ್ಲಿ ಎಣ್ಣೆಯ ಕಲೆ.

ಹದಿನೈದು ದಿನ ಹದಿನೈದೇ ಆದವು.
ಈಗ ಸೇತುವೆಯ ಕೆಳಗೆ ಜೋಳದ ತೆನೆ ಸುಡುವವನ ಹೊಗೆ,
ಅದರಾಚೆ ಸಖೂಬಾಯಿ,
ಮುಂದೆ ಹೆಸರು ಗೊತ್ತಿಲ್ಲದ ಎಲೆಯ ರಾಶಿ.
ಬೆಲೆ ಕೇಳುವ ಮೊದಲು
ಇದರ ಜೊತೆಗೆ ಏನು ಬೇಕು ಎಂದು ಕೇಳಿದೆ.

ಏನೂ ಬೇಡ, ಎಂದಳು.
ಬರೀ ಉಪ್ಪು.